ಅಣ್ಣನ ಹೆಸರಲ್ಲಿ ಆರ್‌ಸಿ, ತಮ್ಮನ ಕೈಯಲ್ಲಿ ಸ್ಟೇರಿಂಗ್: ಹೊಸ ಲಾರಿ ಕೆಟ್ಟರೆ ಯಾರು ಗ್ರಾಹಕ?

2025ರ ಸೆಪ್ಟೆಂಬರ್ 22ರಿಂದ ಸರಕು ಸಾಗಣೆ ವಾಹನಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ತೆರಿಗೆಗೆ ಮುಂಚೆ 25 ಲಕ್ಷ ಬೆಲೆಯ ಲಾರಿಗೆ ಮೊದಲು 7 ಲಕ್ಷ ತೆರಿಗೆ ಬೀಳುತ್ತಿತ್ತು, ಈಗ ನಾಲ್ಕೂವರೆ ಲಕ್ಷ. ಎರಡೂವರೆ ಲಕ್ಷ ಉಳಿತಾಯ ಎಂದರೆ ಸಣ್ಣ ಮಾತಲ್ಲ. ಇಷ್ಟು ದಿನ ಸೆಕೆಂಡ್ ಹ್ಯಾಂಡ್ ಗಾಡಿಯಲ್ಲೇ ದಿನ ದೂಡುತ್ತಿದ್ದವರಿಗೂ ಹೊಸದೊಂದು ತೆಗೆದುಬಿಡೋಣ ಅನ್ನಿಸುವುದು ಸಹಜ. ಕರಾವಳಿಯಲ್ಲಷ್ಟೇ ಅಲ್ಲ, ಘಟ್ಟ ಹತ್ತಿ ಮುಂಡಗೋಡ, ಹಳಿಯಾಳ ಕಡೆ ನೆಲೆ ನಿಂತ ನಮ್ಮವರಲ್ಲೂ ಇದೇ ಮಾತು. ಆದರೆ ಹೊಸ ಲಾರಿಯೇ ದೋಷದ ಲಾರಿ ಆಗಿಬಿಟ್ಟರೆ ಏನು ಗತಿ ಎಂಬುದನ್ನು ಬುಕಿಂಗ್ ಮಾಡುವ ದಿನ ಯಾರೂ ಯೋಚಿಸುವುದಿಲ್ಲ.

ಒಂದು ಲೆಕ್ಕ ನೋಡೋಣ. ಆರದ ದೀಪಗಳ ಸುದ್ದಿಯಿಂದ ಹೆಸರು ಕೇಳಿರುವ ಚಿಗಳ್ಳಿ, ಮುಂಡಗೋಡ ತಾಲೂಕಿನ ಹಳ್ಳಿ. ಅಲ್ಲಿ ಒಬ್ಬ ತಾನೇ ಮಾಲೀಕ, ತಾನೇ ಡ್ರೈವರ್ ಆಗಿ ಲಾರಿ ಇಟ್ಟುಕೊಂಡಿದ್ದಾನೆ ಎಂದುಕೊಳ್ಳಿ. ಸುಗ್ಗಿಯಲ್ಲಿ ಭತ್ತ, ಗೋವಿನಜೋಳ. ಕಬ್ಬಿನ ಕಾಲದಲ್ಲಿ ಹಳಿಯಾಳದ ಸಕ್ಕರೆ ಕಾರ್ಖಾನೆ. ಉಳಿದ ದಿನ ದಾಂಡೇಲಿಯ ಕಾಗದ ಕಾರ್ಖಾನೆಯ ಲೋಡು, ಇಲ್ಲದಿದ್ದರೆ ಹುಬ್ಬಳ್ಳಿ. ಶೇ. 10ರ ಬಡ್ಡಿಗೆ 25 ಲಕ್ಷ ಸಾಲ, 60 ಕಂತು ಅಂದರೆ ತಿಂಗಳಿಗೆ 53 ಸಾವಿರದ ಆಸುಪಾಸು. ಲಾರಿ ಹತ್ತು ದಿನ ಶೋರೂಮಿನ ವರ್ಕ್‌ಶಾಪ್‌ನಲ್ಲಿ ನಿಂತಿತೆಂದರೆ ಹದಿನೇಳು, ಹದಿನೆಂಟು ಸಾವಿರದ ಕಂತು ಸುಮ್ಮನೆ ಹೋಯಿತು. ಸುಗ್ಗಿಯ ಹತ್ತು ದಿನವಾದರೆ ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ; ಲೋಡ್ ಕೊಡುತ್ತಿದ್ದ ಏಜೆಂಟ್ ಬೇರೆ ಗಾಡಿ ಹಿಡಿದಿರುತ್ತಾನೆ.

ಹಿಂದೆ ಲಾರಿ ಕೆಟ್ಟರೆ ಊರ ಮೆಕ್ಯಾನಿಕ್‌ಗೆ ಕಿವಿಯೇ ಸಾಕಾಗಿತ್ತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್–6 ಬಂತು. ಈಗಿನ ಲಾರಿಯ ಹೊಗೆಗೆ ಯೂರಿಯಾ ದ್ರಾವಣ ಸಿಂಪಡಿಸುವ ವ್ಯವಸ್ಥೆ ಇದೆ, ಮಸಿ ಹಿಡಿಯುವ ಫಿಲ್ಟರ್ ಇದೆ, ಎಲ್ಲದರ ಮೇಲೂ ಸೆನ್ಸರ್‌ಗಳ ಕಾವಲು ಇದೆ. ಒಂದು ಸೆನ್ಸರ್ ತಪ್ಪು ಲೆಕ್ಕ ಕೊಟ್ಟರೂ ಗಾಡಿಯ ಕಂಪ್ಯೂಟರ್ ಎಂಜಿನ್ನಿನ ಶಕ್ತಿಯನ್ನೇ ಇಳಿಸಿಬಿಡುತ್ತದೆ. ಲೋಡ್ ಹೊತ್ತು ಅರಬೈಲು ಘಟ್ಟ ಹತ್ತುವಾಗ ಹೀಗಾದರೆ ಲಾರಿ ಆಮೆಯ ಹಾಗೆ ತೆವಳುತ್ತದೆ, ಹಿಂದೆ ಸಾಲು ನಿಲ್ಲುತ್ತದೆ. ಸ್ಕ್ಯಾನರ್ ಹಾಕದೆ ಕಾರಣ ತಿಳಿಯುವುದಿಲ್ಲ, ಕಂಪೆನಿಯ ಸ್ಕ್ಯಾನರ್ ಇರುವುದು ಶೋರೂಮಿನವರ ಹತ್ತಿರ. ಬಿಡಿಭಾಗ ಮತ್ತು ತಪಾಸಣಾ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದಕ್ಕೆ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪೆನಿಗಳಿಗೆ ಒಟ್ಟು 2,544 ಕೋಟಿ ರೂ. ದಂಡ ಹಾಕಿತ್ತು. ಅದು ಕಾರುಗಳ ವಿಷಯ ನಿಜ, ಆದರೆ ಲಾರಿಯವನ ಕಷ್ಟವೂ ಅದೇ ಜಾತಿಯದು.

ಹಾಗಾಗಿ ಗಾಡಿ ಮತ್ತೆ ಮತ್ತೆ ಹುಬ್ಬಳ್ಳಿಗೇ ಹೋಗಬೇಕು. "ಸಾಫ್ಟ್‌ವೇರ್ ಅಪ್‌ಡೇಟ್ ಮಾಡೀವ್ರಿ ಸಾಹೇಬ್ರ, ಇನ್ನೇನೂ ಆಗಂಗಿಲ್ರಿ" ಅನ್ನುತ್ತಾರೆ. ಮೂರನೇ ಟ್ರಿಪ್ಪಿಗೆ ಅದೇ ದೀಪ ಮತ್ತೆ ಉರಿಯುತ್ತದೆ.

ಇಂಥವನಿಗೆ ಕಾನೂನು ಏನು ಹೇಳುತ್ತದೆ? ಅಮೆರಿಕದಲ್ಲಿ 1982ರಲ್ಲಿ ಕನೆಕ್ಟಿಕಟ್ ರಾಜ್ಯ ಮೊದಲು ತಂದ 'ಲೆಮನ್ ಲಾ' ಥರದ, ಇಷ್ಟು ಸಲ ಕೆಟ್ಟರೆ ಗಾಡಿ ವಾಪಸ್ ತಗೊಳ್ಳಲೇಬೇಕು ಎಂಬ ನೇರ ಕಾನೂನು ನಮ್ಮಲ್ಲಿಲ್ಲ. (ಅಲ್ಲಿಯೂ ಹೆಚ್ಚಿನ ರಾಜ್ಯಗಳಲ್ಲಿ ಅದು ಸ್ವಂತ ಬಳಕೆಯ ಕಾರಿಗೆ, ದೊಡ್ಡ ಲಾರಿಗಲ್ಲ.) ನಮಗಿರುವುದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019. ಅದರ ಬಾಗಿಲಲ್ಲೇ ಒಂದು ಪ್ರಶ್ನೆ ಕಾದಿರುತ್ತದೆ: ನೀನು ಗ್ರಾಹಕ ಹೌದೋ ಅಲ್ಲವೋ? 'ವಾಣಿಜ್ಯ ಉದ್ದೇಶ'ಕ್ಕೆ ಕೊಂಡವನು ಗ್ರಾಹಕನಲ್ಲ. ಆದರೆ ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿ ಮಾತ್ರವೇ ಕೊಂಡು ತಾನೇ ಬಳಸುವವನು ಗ್ರಾಹಕ.

1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರಿಸಿತು. ಲಾರಿಯ ಉದಾಹರಣೆಯನ್ನೇ ಕೊಟ್ಟಿತು: ತಾನೇ ಓಡಿಸಿ ಬಾಡಿಗೆ ಹೊಡೆಯಲು ಲಾರಿ ಕೊಂಡವನು ಗ್ರಾಹಕ. ಸಹಾಯಕ್ಕೆ ಒಬ್ಬಿಬ್ಬರನ್ನು ಇಟ್ಟುಕೊಂಡರೂ ಅಡ್ಡಿಯಿಲ್ಲ. ಆದರೆ ಗಾಡಿಯನ್ನು ಸಂಪೂರ್ಣವಾಗಿ ಇನ್ನೊಬ್ಬನೇ ಓಡಿಸಲಿ ಎಂದು ಕೊಂಡವನು ಗ್ರಾಹಕನಲ್ಲ. ನಮ್ಮ ಮನೆಗಳ ಲಾರಿ ವ್ಯವಹಾರಕ್ಕೆ ತಾಗುವುದು ಈ ಕೊನೆಯ ಮಾತೇ.

ನಮ್ಮಲ್ಲಿ ಲಾರಿ ಕೊಳ್ಳುವ ಕ್ರಮ ಎಲ್ಲರಿಗೂ ಗೊತ್ತಿದ್ದದ್ದೇ. ಅಣ್ಣ ದುಬೈಯಲ್ಲೋ ದಮ್ಮಾಮಿನಲ್ಲೋ ಇರುತ್ತಾನೆ. ಡೌನ್ ಪೇಮೆಂಟ್ ಅವನದ್ದು. ಸಂಬಳದ ಸ್ಲಿಪ್ ಇರುವುದು ಅವನಿಗೇ, ಆದ್ದರಿಂದ ಸಾಲವೂ ಅವನ ಹೆಸರಲ್ಲಿ, ಆರ್‌ಸಿಯೂ ಅವನ ಹೆಸರಲ್ಲಿ. ಊರಲ್ಲಿ ಓಡಿಸುವವನು ತಮ್ಮ, ಇಲ್ಲದಿದ್ದರೆ ಅಳಿಯ, ಬಾವ. ಮನೆಯೊಳಗೆ ಇದರಲ್ಲಿ ಯಾವ ತಕರಾರೂ ಇಲ್ಲ. ಲಾರಿ ತಮ್ಮನದ್ದೇ ಎಂದು ಇಡೀ ಊರಿಗೆ ಗೊತ್ತು. ಕಾಗದಕ್ಕೆ ಮಾತ್ರ ಗೊತ್ತಿಲ್ಲ! ಕಾಗದದ ಪ್ರಕಾರ ಮಾಲೀಕನ ಜೀವನೋಪಾಯ ಗಲ್ಫಿನ ಸಂಬಳ. ಲಾರಿ ಓಡಿಸುವವನು ಬೇರೆಯವನು. ಕಂಪೆನಿಯ ವಕೀಲರಿಗೆ ಇಷ್ಟು ಸಿಕ್ಕರೆ ಸಾಕು, ಎಂಜಿನ್ನಿನ ದೋಷದ ಮಾತು ಬರುವ ಮೊದಲೇ 'ಇವರು ಗ್ರಾಹಕರೇ ಅಲ್ಲ' ಎಂಬ ಆಕ್ಷೇಪ ಬರುತ್ತದೆ.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿದೆ ಎಂದಲ್ಲ. ಚೀಮಾ ಎಂಜಿನಿಯರಿಂಗ್ ಪ್ರಕರಣದಲ್ಲಿ, ಸ್ವಯಂ ಉದ್ಯೋಗ ಮಾಡುವ 'ಅವನು' ಎಂದರೆ ಅವನ ಕುಟುಂಬದವರೂ ಸೇರುತ್ತಾರೆ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಅದನ್ನು ಸಾಕ್ಷ್ಯದಿಂದ ತೋರಿಸಬೇಕು. 2009ರಲ್ಲಿ ಉತ್ತರ ಪ್ರದೇಶದ ಸುಲ್ತಾನ್‌ಪುರದ ಒಂದು ಪ್ರಕರಣ ಬಂತು. ಸರಕಾರಿ ಹರಾಜಿನಲ್ಲಿ ಲಾರಿ ಕೊಂಡವರಿಗೆ ಅದರ ಕಾಗದಪತ್ರವನ್ನೇ ಕೊಟ್ಟಿರಲಿಲ್ಲ. ಅವರು ಒಬ್ಬ ಡ್ರೈವರನ್ನು ಇಟ್ಟುಕೊಂಡಿದ್ದರೂ ಗ್ರಾಹಕರೇ ಆಗಿರುತ್ತಿದ್ದರು, ಯಾಕೆಂದರೆ ಹೊಟ್ಟೆಪಾಡು ಆ ಲಾರಿಯಿಂದಲೇ ಎಂದು ಕೋರ್ಟ್ ಹೇಳಿತು. ಒಂದೇ ಲಾರಿ ಇರುವ ಮನೆಗೆ ಇವೆರಡೂ ಒಳ್ಳೆಯ ಆಸರೆ. ನಮ್ಮ ಅಭಿಪ್ರಾಯದಲ್ಲಿ ಮೇಲಿನ ಕೋರ್ಟಿನವರೆಗೆ ಈ ವಾದ ಹೊತ್ತುಕೊಂಡು ಹೋಗುವುದಕ್ಕಿಂತ ಓಡಿಸುವವನ ಹೆಸರಲ್ಲೇ ಆರ್‌ಸಿ ಮತ್ತು ಸಾಲ ಮಾಡಿ, ಅಣ್ಣನನ್ನು ಜಾಮೀನುದಾರನಾಗಿಯೋ ಸಹ-ಸಾಲಗಾರನಾಗಿಯೋ ಸೇರಿಸುವುದು ಸುಲಭ. ಅಣ್ಣ ಕೊಟ್ಟ ಹಣ ಬ್ಯಾಂಕಿನ ಮೂಲಕವೇ ಬರಲಿ. ಮನೆಯೊಳಗೆ ಬರೆದಿಡುವುದಕ್ಕೆ ಸಂಕೋಚ ಪಡುವವರು ಲಾರಿ ಹೆಸರಿನಲ್ಲಿ ಅಣ್ಣತಮ್ಮಂದಿರು ಮಾತುಬಿಟ್ಟ ಮನೆಗಳನ್ನೂ ಒಮ್ಮೆ ನೆನಪಿಸಿಕೊಳ್ಳಬಹುದು.

ಗ್ರಾಹಕ ಎಂದು ಸಾಬೀತಾದ ಮೇಲೆ ದೋಷ ಸಾಬೀತು ಮಾಡಬೇಕು. ಆ ಹೊರೆಯೂ ದೂರು ಕೊಟ್ಟವನ ಮೇಲೆಯೇ. ಇಲ್ಲಿ ಜಾಬ್ ಕಾರ್ಡ್ ಎಂಬ ಒಂದು ಹಾಳೆಯೇ ಸಾಕ್ಷಿ. ಗಾಡಿ ಒಳಗೆ ಬಿಟ್ಟ ದಿನ, ಎಷ್ಟು ಕಿ.ಮೀ. ಓಡಿದೆ, ತೊಂದರೆ ಏನು ಎಂದು ಅದರಲ್ಲಿ ಬರೆಯುತ್ತಾರೆ. 'ಜನರಲ್ ಚೆಕಪ್' ಎಂದು ಬರೆದರೆ ಒಪ್ಪಬೇಡಿ. 'ಲೋಡಿನಲ್ಲಿ ಎಂಜಿನ್ ಶಕ್ತಿ ಇಳಿಯುತ್ತದೆ, ವಾರ್ನಿಂಗ್ ಲೈಟ್ ಉರಿಯುತ್ತದೆ' ಎಂದು ನಿಮ್ಮ ಮಾತಿನಲ್ಲೇ ಬರೆಸಿ. ಮುಂದಿನ ಸಲ ಹೋದಾಗಲೂ ಅದೇ ಮಾತು ಬರೆಸಿ. ಒಂದೇ ದೋಷ ಐದು ಸಲ ಬಂದಿದೆ ಎಂದು ತೋರಿಸುವುದು ಹೀಗೆ. ಗಾಡಿ ಬಿಡಿಸಿಕೊಳ್ಳುವ ಅವಸರದಲ್ಲಿ 'ರಿಪೇರಿ ತೃಪ್ತಿಕರವಾಗಿದೆ' ಎಂಬ ಸಾಲಿನ ಕೆಳಗೆ ಸಹಿ ಹಾಕುವವರೇ ಹೆಚ್ಚು. ಅದರ ಪಕ್ಕ 'ಲೋಡ್ ಹಾಕಿ ನೋಡಿದ ಮೇಲೆ ತಿಳಿಸುತ್ತೇನೆ' ಎಂದು ಕನ್ನಡದಲ್ಲಿ ಬರೆದರೂ ಆಯ್ತು. ಯೂರಿಯಾ, ಡೀಸೆಲ್ ಬಿಲ್ಲುಗಳನ್ನು ಬಿಸಾಡಬೇಡಿ. ಕಲಬೆರಕೆ ಯೂರಿಯಾ ಹಾಕಿದ್ದೀರಿ ಎನ್ನುವುದು ಕಂಪೆನಿಯ ಸಿದ್ಧ ಉತ್ತರ. ಕೆಲವೊಮ್ಮೆ ಅದು ನಿಜವೂ ಇರುತ್ತದೆ ಅನ್ನಿ. ಗಾಡಿ ಎಷ್ಟು ದಿನ ನಿಂತಿತ್ತು ಎಂಬುದಕ್ಕೆ ಫಾಸ್ಟ್‌ಟ್ಯಾಗ್ ಸ್ಟೇಟ್‌ಮೆಂಟ್ ಆಧಾರವಾಗುತ್ತದೆ. ಓಡಿಸುವವರು ನೀವೇ ಎಂಬುದಕ್ಕೆ ನಿಮ್ಮ ಡಿಎಲ್, ಟ್ರಿಪ್ ಶೀಟು, ಒಂದೇ ಲಾರಿಯ ಆದಾಯ ತೋರಿಸುವ ತೆರಿಗೆ ರಿಟರ್ನ್ ಇರಲಿ.

ಇನ್ನು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ: ದೂರು ಕೊಟ್ಟ ಮೇಲೆ ಲಾರಿ ಓಡಿಸಬೇಕೋ, ನಿಲ್ಲಿಸಬೇಕೋ? ಓಡಿಸಿದರೆ 'ಎಂಬತ್ತು ಸಾವಿರ ಕಿ.ಮೀ. ಓಡಿದ ಗಾಡಿಯಲ್ಲಿ ಎಂಥ ದೋಷ?' ಎಂದು ಕೇಳುತ್ತಾರೆ. ನಿಲ್ಲಿಸಿದರೆ ಕಂತು ತಪ್ಪುತ್ತದೆ. ಗಾಡಿ ಸರಿಯಿಲ್ಲ ಎಂಬ ಕಾರಣಕ್ಕೆ ಫೈನಾನ್ಸ್‌ನವರು ಕಾಯುವುದಿಲ್ಲ. ಬಾಡಿಗೆ-ಖರೀದಿ ಕರಾರಿನಲ್ಲಿ ಸಾಲ ತೀರುವವರೆಗೆ ಫೈನಾನ್ಸ್ ಕಂಪೆನಿಯೇ ಗಾಡಿಯ ಮಾಲೀಕ ಎಂದು 2020ರ ಮ್ಯಾಗ್ಮಾ ಫಿನ್‌ಕಾರ್ಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗೂಂಡಾಗಳನ್ನು ಕಳಿಸಿ ಗಾಡಿ ಎಳೆದೊಯ್ಯಬಾರದು ಎಂದು 2007ರಲ್ಲಿ ಐಸಿಐಸಿಐ ಬ್ಯಾಂಕ್ ಪ್ರಕರಣದಲ್ಲಿ ಅದೇ ಕೋರ್ಟ್ ಹೇಳಿದ್ದೂ ನಿಜ. ಆದರೆ ಸಾಲ ಸಾಲವೇ. 2010ರಲ್ಲಿ ರಾಜ್ಯ ಸರಕಾರ ಅದಿರು ರಫ್ತು ತಡೆದಾಗ, ಮರುವರ್ಷ ಬಳ್ಳಾರಿ ಗಣಿಗಳೇ ನಿಂತಾಗ ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯ ಅದಿರು ಲಾರಿಗಳ ಮಾಲೀಕರಿಗೆ ಈ ಪಾಠ ಆಗಿತ್ತು. ಲೋಡು ನಿಂತರೂ ಕಂತು ನಿಲ್ಲಲಿಲ್ಲ. ಹಾಗಾಗಿ ಕಂತು ಕಟ್ಟುತ್ತಲೇ ಹೋಗುವುದು, ಸುರಕ್ಷಿತ ಎನ್ನುವಷ್ಟು ಮಾತ್ರ ಓಡಿಸುವುದು, ಅನಿವಾರ್ಯವಾಗಿ ಓಡಿಸುತ್ತಿದ್ದೇನೆ ಎಂದು ಕಂಪೆನಿಗೂ ಡೀಲರಿಗೂ ಲಿಖಿತವಾಗಿ ತಿಳಿಸುವುದು, ದೂರಿನ ಜೊತೆಗೇ ಬೇಗ ತಾಂತ್ರಿಕ ತಪಾಸಣೆ ಮಾಡಿಸಲು ಮಧ್ಯಂತರ ಅರ್ಜಿ ಹಾಕುವುದು. ಇದಕ್ಕಿಂತ ಒಳ್ಳೆಯ ದಾರಿ ನಮಗೆ ಕಾಣುವುದಿಲ್ಲ. ಬ್ರೇಕು, ಸ್ಟೇರಿಂಗಿನ ದೋಷವಾದರೆ ಮಾತ್ರ ಲೆಕ್ಕಾಚಾರವೇ ಬೇಡ, ನಿಲ್ಲಿಸಲೇಬೇಕು.

ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗದಲ್ಲೇ ದೂರು. 20ರಿಂದ 50 ಲಕ್ಷದ ಗಾಡಿಗೆ ಶುಲ್ಕ ಸಾವಿರ ರೂಪಾಯಿ, ಕಾಲಮಿತಿ ಎರಡು ವರ್ಷ. ಉತ್ತರ ಕನ್ನಡದ ಆಯೋಗ ಇರುವುದು ಕಾರವಾರದಲ್ಲಿ. ಚಿಗಳ್ಳಿಯವನಿಗೆ ಘಟ್ಟ ಇಳಿದು ಹೋಗಿ ಬರಲು ಒಂದು ದಿನದ ದುಡಿಮೆ ಹೋಯಿತು. ಆದರೆ ವಾಸವಿರುವ ಜಿಲ್ಲೆಯಲ್ಲೂ ಹಾಕಬಹುದು, ಎದುರು ಪಾರ್ಟಿಯ ಕಚೇರಿ ಇರುವಲ್ಲೂ ಹಾಕಬಹುದು. ಶೋರೂಮ್ ಹುಬ್ಬಳ್ಳಿಯದಾದರೆ ಧಾರವಾಡ ಜಿಲ್ಲಾ ಆಯೋಗ ಹತ್ತಿರ. 2025ರ ಜನವರಿಯಿಂದ ಇ-ಜಾಗೃತಿ ಪೋರ್ಟಲ್ ಇದೆ, ವಿಡಿಯೊ ಮೂಲಕ ವಿಚಾರಣೆ ಕೇಳಲು ಕಾಯ್ದೆಯಲ್ಲೇ ಅವಕಾಶವಿದೆ. ಡೀಲರ್, ತಯಾರಕ ಕಂಪೆನಿ ಇಬ್ಬರನ್ನೂ ಪಾರ್ಟಿ ಮಾಡಬೇಕು. ಡೀಲರ್ ಮಾಡಿದ ತಪ್ಪಿಗೆ, ತನಗೆ ಗೊತ್ತೇ ಇಲ್ಲದಿದ್ದರೆ, ಕಂಪೆನಿ ಹೊಣೆಯಲ್ಲ ಎಂದು 2021ರಲ್ಲಿ ಗೋವಾದ ಕಾರೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಟಾಟಾ ಮೋಟಾರ್ಸ್ ಪರ ತೀರ್ಪು ಕೊಟ್ಟಿದೆ.

ಹೊಸ ಲಾರಿಯೇ ಬದಲಿಯಾಗಿ ಸಿಗುತ್ತದೆ ಎಂಬ ಆಸೆ ಇಟ್ಟುಕೊಳ್ಳುವುದು ಬೇಡ. ವಾರಂಟಿ ಎಂದರೆ ಕೆಟ್ಟ ಭಾಗ ಬದಲಿಸಿ ಕೊಡುವ ಮಾತು, ಇಡೀ ಗಾಡಿ ಬದಲಿಸುವ ಮಾತಲ್ಲ ಎಂದು 2006ರಲ್ಲಿ ಮಾರುತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿ, ಹೊಸ ಕಾರು ಕೊಡಬೇಕೆಂಬ ಆದೇಶ ತೆಗೆದುಹಾಕಿ 50 ಸಾವಿರ ರೂಪಾಯಿ ಕೊಡಿಸಿತು. ಅದಕ್ಕಿಂತ ಸಮಾಧಾನದ್ದು 2010ರಲ್ಲಿ ಬೆಂಗಳೂರಿನ ಗ್ರಾಹಕರೊಬ್ಬರು ಫಿಯೆಟ್ ವಿರುದ್ಧ ನಡೆಸಿದ ಪ್ರಕರಣ. ಎಂಜಿನ್ ಬದಲಿಸಿದ ಮೇಲೆ ಸ್ವತಂತ್ರ ತಜ್ಞರು ಗಾಡಿ ನೋಡಬೇಕು, ತಯಾರಿಕಾ ದೋಷ ಇದೆ ಎಂದರೆ ಹಣ ವಾಪಸ್ ಕೊಡಬೇಕು ಎಂಬ ದಾರಿಯನ್ನು ಕೋರ್ಟ್ ಒಪ್ಪಿತು. ಎಲ್ಲ ನಿಂತಿರುವುದು ಆ ತಜ್ಞರ ವರದಿಯ ಮೇಲೆ. ಅದರ ಶುಲ್ಕ ಮೊದಲು ದೂರುದಾರನೇ ಕಟ್ಟಬೇಕಾಗಬಹುದು. ಮದುವೆ, ಆಸ್ಪತ್ರೆಗೆ ಕೈ ಜೋಡಿಸುವ ನಮ್ಮ ಸಂಘಟನೆಗಳು, ಲಾರಿ ಮಾಲೀಕರ ಸಂಘಗಳು ಈ ಒಂದು ಖರ್ಚಿಗೆ ನಿಧಿ ಇಟ್ಟರೆ ಬೀದಿಗೆ ಬರುವ ಎಷ್ಟೋ ಮನೆ ಉಳಿಯುತ್ತದೆ.

ಕೋರ್ಟಿಗೆ ಹೋಗದವರೂ ಮಾಡಬಹುದಾದ ಒಂದು ಕೆಲಸ ಇದೆ. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ ಬಂದ 110ಎ ಕಲಮಿನ ಪ್ರಕಾರ, ಚಾಲಕನಿಗೋ ರಸ್ತೆಯಲ್ಲಿರುವ ಬೇರೆಯವರಿಗೋ ಅಪಾಯ ತರುವ ದೋಷದ ಬಗ್ಗೆ ನಿಗದಿತ ಪ್ರಮಾಣದ ಮಾಲೀಕರು ದೂರಿದರೆ ಆ ಮಾದರಿಯನ್ನೇ ವಾಪಸ್ ಕರೆಸಲು ಕೇಂದ್ರ ಸರಕಾರ ಆದೇಶಿಸಬಹುದು. 2021ರ ಏಪ್ರಿಲ್ 1ರಿಂದ ಇದರ ನಿಯಮ ಜಾರಿಯಲ್ಲಿದೆ. ಏಳು ವರ್ಷದೊಳಗಿನ ಗಾಡಿಗಳಿಗೆ ಅನ್ವಯ. ದೂರು ಹಾಕುವುದು ವಾಹನ್ ಪೋರ್ಟಲ್‌ನಲ್ಲಿ. ಶೋರೂಮಿನ ಬಾಗಿಲಲ್ಲಿ ನಿಂತು ಜಗಳ ಮಾಡಿದ್ದು ಯಾವ ಲೆಕ್ಕಕ್ಕೂ ಸಿಗುವುದಿಲ್ಲ, ಅಲ್ಲಿ ದಾಖಲಾದ ದೂರು ಎಣಿಕೆಗೆ ಸಿಗುತ್ತದೆ. ಹುಬ್ಬಳ್ಳಿಯ ಅದೇ ವರ್ಕ್‌ಶಾಪ್‌ನಲ್ಲಿ ನಿಮ್ಮ ಪಕ್ಕ ಅದೇ ಮಾದರಿಯ ಲಾರಿ, ಅದೇ ದೋಷಕ್ಕೆ ನಿಂತಿದ್ದರೆ ಅದರ ಮಾಲೀಕರ ನಂಬರು ತಗೊಂಡು ಅವರಿಂದಲೂ ಹಾಕಿಸಿ.