ಉಣಗೋಲಿನಿಂದ ಅಳೆಯಬೇಕಾದ ದೂರ

ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಿಂದ ಶಿವಮೊಗ್ಗದ ಸೋಗಾನೆ ನಿಲ್ದಾಣಕ್ಕೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 125 ಕಿ.ಮೀ. ಗೆರೆಯ ನಡುಮಧ್ಯದಲ್ಲಿ ಶೃಂಗೇರಿ, ತುಸು ಬಲಕ್ಕೆ ಕಳಸ. ಎಟಿಆರ್‌ನಂಥ ಸಣ್ಣ ವಿಮಾನಕ್ಕೆ ಏರಿಳಿತವೂ ಸೇರಿ ಅರ್ಧ ಗಂಟೆ ಚಿಲ್ಲರೆಯ ಹಾದಿ. ಆದರೆ ಆ ಗೆರೆಯ ಮೇಲೆ ಪ್ರಯಾಣಿಕರ ವಿಮಾನವಿಲ್ಲ. ಹಾರಿಯೇ ಹೋಗುವವರು ಬೆಂಗಳೂರು ಬಳಸಬೇಕು: ಅಲ್ಲಿಗೆ ಸುಮಾರು 305 ಕಿ.ಮೀ., ಅಲ್ಲಿಂದ ಮತ್ತೆ 240.

ಆ ವಿಮಾನ ಬೇಕೆಂದು ಮಲೆನಾಡು ಕೇಳುತ್ತಿಲ್ಲ. ಗೆರೆಯ ಕೆಳಗಿರುವ ಕಾಫಿ ಸೀಮೆಯ ಸಂಕಟ ಬೇರೆ. 1951ರಲ್ಲಿ ತೆರೆದ ಬಜಪೆ ಒಂದು ಕಡೆ, 2023ರಲ್ಲಿ 3.2 ಕಿ.ಮೀ. ರನ್‌ವೇಯೊಂದಿಗೆ ಬಂದ ಸೋಗಾನೆ ಇನ್ನೊಂದು ಕಡೆ. ಎರಡೂ ಹತ್ತಿರವೆಂದು ಕಾಗದ ಹೇಳುತ್ತದೆ. ಕಳಸದ ತೋಟದ ಗೇಟಾದ ಉಣಗೋಲು ಸರಿಸಿ ಬೆಂಗಳೂರಿಗೆ ಹೊರಟವರ ಲೆಕ್ಕ ಕೇಳಿ. ಕುದುರೆಮುಖ, ಕಾರ್ಕಳದ ಮೇಲೆ ಬಜಪೆಗೆ ಮೂರು ಗಂಟೆ; ಬಾಳೆಹೊನ್ನೂರು, ನರಸಿಂಹರಾಜಪುರದ ಮೇಲೆ ಸೋಗಾನೆಗೂ ಹೆಚ್ಚುಕಡಿಮೆ ಅಷ್ಟೇ. ಲಗೇಜು ಕೊಡುವ ಕೌಂಟರು ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಹಾರಾಟ ಒಂದು ಗಂಟೆ. ದೇವನಹಳ್ಳಿ ನಿಲ್ದಾಣದಿಂದ ಬೆಂಗಳೂರಿನೊಳಕ್ಕೆ ಇನ್ನೊಂದೂವರೆ. ಕೂಡಿ ನೋಡಿದರೆ ಆರೂವರೆ ಗಂಟೆ. ರಾತ್ರಿ ಬಸ್ಸು ಹತ್ತಿ ಮಲಗಿದವರು ಬೆಳಗಾಗುವ ಹೊತ್ತಿಗೆ ಅಲ್ಲೇ ಇಳಿದಿರುತ್ತಾರೆ.

ಇದು ಬೇಸಿಗೆಯ ಲೆಕ್ಕ. ಆಷಾಢದಲ್ಲಿ ಈ ಲೆಕ್ಕವೂ ನಿಲ್ಲದು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಕುಸಿದಾಗ ಮೂಡಿಗೆರೆಯವರಿಗೆ ಮಂಗಳೂರಿನ ನೇರ ದಾರಿಯೇ ಕಟ್ಟಿಹೋಯಿತು. ಭದ್ರೆ ಉಕ್ಕಿದರೆ ಹೆಬ್ಬಾಳೆ ಸೇತುವೆ ಮುಳುಗಿ ಹೊರನಾಡಿನವರು ಸುತ್ತು ಹಾಕಬೇಕು. ಮಂಗಳೂರು, ಮಣಿಪಾಲದ ಆಸ್ಪತ್ರೆಗಳಿಗೆ ಇಳಿಯುವ ರೋಗಿಗೂ, ಗಲ್ಫ್‌ಗೆ ಹೊರಟ ಹುಡುಗನಿಗೂ ದಾರಿ ಘಾಟಿಯೇ. ಘಾಟಿ ತೆರೆದಿದ್ದರೆ ಮಾತ್ರ ವಿಮಾನ ನಿಲ್ದಾಣ ಹತ್ತಿರ.

ಆದ್ದರಿಂದ ಗುಡ್ಡ ಸಮತಟ್ಟು ಮಾಡಿ ಹೊಸ ಏರ್‌ಸ್ಟ್ರಿಪ್ ಕಟ್ಟುವ ಮಾತಿಗಿಂತ ಮೊದಲು ಆಗಬೇಕಾದ ಕೆಲಸ ಮೂರಿವೆ. ಮಳೆಗೆ ಮುಂಚೆ, ಏಪ್ರಿಲ್–ಮೇ ತಿಂಗಳಲ್ಲೇ, ಚಾರ್ಮಾಡಿಯ ತಡೆಗೋಡೆ, ಚರಂಡಿ, ಮೋರಿಗಳ ದುರಸ್ತಿ ಮುಗಿಯಬೇಕು. ವಿಮಾನದ ವೇಳೆಗೆ ಹೊಂದುವಂತೆ ಕಳಸ, ಕೊಪ್ಪಗಳಿಂದ ಸೋಗಾನೆಗೂ ಮೂಡಿಗೆರೆಯಿಂದ ಬಜಪೆಗೂ ಕೆಎಸ್‌ಆರ್‌ಟಿಸಿ ಬಸ್ಸು ಓಡಬೇಕು. ವಿಮಾನ ನಿಲ್ದಾಣವೇ ಇಲ್ಲದ ಮಡಿಕೇರಿಗೆ ಬೆಂಗಳೂರು ನಿಲ್ದಾಣದಿಂದ ಫ್ಲೈಬಸ್ ಓಡಿಸಿದ ಸಂಸ್ಥೆಗೆ ಇದು ಆಗದ ಕೆಲಸವಲ್ಲ. ಪ್ರಯಾಣಿಕರು ಘಾಟಿಯ ತಲೆಯಲ್ಲಿರುವ ಕೊಟ್ಟಿಗೆಹಾರಕ್ಕೆ ಹೋಗಿ ವಾಪಸು ತಿರುಗುವ ಮೊದಲೇ ಘಾಟಿ ಮುಚ್ಚಿದ ಸುದ್ದಿ ಅವರ ಮೊಬೈಲಿಗೆ ಬರಬೇಕು. ಚಿಕ್ಕಮಗಳೂರು, ದಕ್ಷಿಣ ಕನ್ನಡ, ಶಿವಮೊಗ್ಗ ಜಿಲ್ಲಾಡಳಿತಗಳು ಒಟ್ಟಿಗೆ ಕೂತರೆ ಮುಂದಿನ ಮಳೆಗಾಲದೊಳಗೆ ಈ ಮೂರೂ ಸಾಧ್ಯ.

ನಿಲ್ದಾಣದಿಂದ ನಿಲ್ದಾಣಕ್ಕೆ ಅಳೆದ ದೂರ ಪೈಲಟ್‌ಗೆ ಸಾಕು. ಯೋಜನೆ ಮಾಡುವವರು ಅಳತೆಯನ್ನು ತೋಟದ ಉಣಗೋಲಿನಿಂದ, ಕಾರ್ಮಿಕರ ಲೈನ್ ಮನೆಯ ಬಾಗಿಲಿನಿಂದ ಶುರು ಮಾಡಲಿ.