ಮನೆಯ ಮೀನಿಗೆ ಗಾಜೇ ಸಾಕು

ಗಾಜಿನ ಕಾಲ ಮುಗಿಯಿತು, ಮನೆಯ ಮೀನುತೊಟ್ಟಿಗೂ ಅಕ್ರಿಲಿಕ್ಕೇ ಸರಿ ಎಂಬ ಲೇಖನ ಓದಿದೆ. ಹಗುರ ಎಂಬುದೇ ಅದರ ದೊಡ್ಡ ವಾದ. ಲೆಕ್ಕ ಹಾಕೋಣ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿಯಲ್ಲಿ ನೀರೇ ಸುಮಾರು 190 ಕೆಜಿ. 10 ಮಿ.ಮೀ. ಗಾಜಿನ ಬದಲು ಅದೇ ದಪ್ಪದ ಅಕ್ರಿಲಿಕ್ ಹಾಕಿದರೆ ಕಡಿಮೆಯಾಗುವುದು ಹೆಚ್ಚುಕಡಿಮೆ 20 ಕೆಜಿ. ತುಂಬಿದ ತೊಟ್ಟಿಯನ್ನು ಯಾರೂ ಹೊತ್ತು ತಿರುಗುವುದಿಲ್ಲವಲ್ಲ!

ಅಕ್ರಿಲಿಕ್ ಸುಲಭಕ್ಕೆ ಒಡೆಯದು, ಗಾಜಿನ ಹಸಿರು ಛಾಯೆಯೂ ಅದಕ್ಕಿಲ್ಲ, ಒಪ್ಪಿದೆ. ಆದರೆ ಪಾಚಿ ಉಜ್ಜುವಾಗ ಒಂದು ಮರಳಿನ ಕಣ ಸಿಕ್ಕರೂ ಗೀರು. ಪಾಲಿಶ್ ಮಾಡಬಹುದು, ನಿಜ. ಪ್ರತಿ ಸಲ ಯಾರು ಮಾಡುತ್ತಾರೆ?

ಜಪಾನಿನ ಚುರೌಮಿ ಮತ್ಸ್ಯಾಲಯದ 60 ಸೆಂ.ಮೀ. ದಪ್ಪದ ಅಕ್ರಿಲಿಕ್ಕಿನ ಹಿಂದೆ ತಿಮಿಂಗಿಲ ಶಾರ್ಕ್ ಈಜುತ್ತದೆ. ನಮ್ಮ ಹಜಾರದಲ್ಲಿ ಗಪ್ಪಿ. ಗಾಜನ್ನೇ ತನ್ನಿ, ಉಳಿದ ಹಣಕ್ಕೆ ಒಳ್ಳೆಯ ಫಿಲ್ಟರ್ ಕೊಳ್ಳಿ.