ಟೀಕಿಸುವವರಿಗೂ ಬೊಕ್ಕಸದ ಹಣವೇ?

ತನ್ನ ಧೋರಣೆಯನ್ನು ಟೀಕಿಸುವ ಸಂಘಕ್ಕೆ ಸರ್ಕಾರ ಹಣ ಕೊಡಬೇಕೆ? ಯೂರೋಪಿನಲ್ಲಿ ಎದ್ದಿರುವ ಪ್ರಶ್ನೆಯಿದು. 2020ರೊಳಗೆ ಸಾರಿಗೆ ಇಂಧನದ ಶೇ. 10 ಭಾಗ ನವೀಕರಿಸಬಹುದಾದ ಮೂಲಗಳಿಂದ ಬರಬೇಕೆಂದು ಅಲ್ಲಿನ ಒಕ್ಕೂಟವು 2009ರಲ್ಲಿ ವಿಧಿಸಿತು. ಸಾಸಿವೆ ಜಾತಿಯ ಎಣ್ಣೆಬೀಜ ಬೆಳೆದವರಿಗೆ ಗಿರಾಕಿ ಗಟ್ಟಿಯಾಯಿತು. ಅನ್ನದ ನೆಲ ಇಂಧನದ ಪಾಲಾಗುತ್ತದೆಂದು ಪರಿಸರ ಸಂಘಗಳು ಆಕ್ಷೇಪಿಸಿದವು; ಅವುಗಳಲ್ಲಿ ಕೆಲವಕ್ಕೆ ಒಕ್ಕೂಟವೇ ಧನಸಹಾಯ ಕೊಡುತ್ತಿತ್ತು.

ನಮ್ಮ ತೆರಿಗೆಯಿಂದ ನಮ್ಮ ಬೆಳೆಯನ್ನೇ ದೂರುವುದೇ ಎಂದು ಬೆಳೆಗಾರ ಸಿಟ್ಟಾದರೆ ತಪ್ಪಲ್ಲ. ಆದರೆ 2015ರಲ್ಲಿ ಆಹಾರ ಬೆಳೆಗಳ ಇಂಧನಕ್ಕೆ ಒಕ್ಕೂಟವೇ ಶೇ. 7ರ ಮಿತಿ ಹಾಕಿತು. ಟೀಕೆ ಜೊಳ್ಳಾಗಿರಲಿಲ್ಲ. ಎಣ್ಣೆ ಕಂಪನಿಗೆ ವಾದಿಸಲು ಸ್ವಂತ ಹಣವಿದೆ, ಬಡ ಸಂಘಕ್ಕಿಲ್ಲ.

ದೋಷವಿರುವುದು ಲೆಕ್ಕದಲ್ಲಿ. ಈ ಧನಸಹಾಯದ ವಿವರ ಸಾಕಷ್ಟು ಪಾರದರ್ಶಕವಾಗಿಲ್ಲವೆಂದು 2025ರಲ್ಲಿ ಒಕ್ಕೂಟದ ಲೆಕ್ಕ ಪರಿಶೋಧಕರೇ ಹೇಳಿದರು. ಹಣ ನಿಲ್ಲಿಸುವುದು ಬೇಡ. ಯಾರಿಗೆ, ಎಷ್ಟು, ಯಾತಕ್ಕೆ ಎಂಬುದು ತೆರಿಗೆ ಕೊಟ್ಟವನ ಕಣ್ಣಿಗೆ ಬೀಳಲಿ.